ಎಡಗಡೆಯ ಬ್ರೇಕು

ಹೋದ ತಿಂಗಳು ನಮ್ಮ ಹಳೇ ಜೀಪನ್ನು ಕೊಳ್ಳಲು ಚಿಂಚೋಳಿ ಕಡೆಯಿಂದ ಒಬ್ಬ ಗೌಡರು ಬಂದಿದ್ದರು. ಎತ್ತಿನ ಹಲ್ಲು ಹಿಡಿದು ನೋಡುವ ಹಾಗೆ ಬಾನೆಟ್ ಎತ್ತಿ ನೋಡಿದರು, ಟೈರಿಗೆ ಒದ್ದು ನೋಡಿದರು. ಕೊನೆಗೆ ಎಡಗಡೆಯ ಬಾಗಿಲು ತೆಗೆದು, ಕಾಲಡಿಯ ರಬ್ಬರ್ ಹಾಸನ್ನು ಎತ್ತಿ, ತಲೆ ಒಳಗೆ ತೂರಿಸಿ ತಗಡಿನ ಮೇಲೆ ಕೈಯಾಡಿಸಿದರು.

"ಏ ತಮ್ಮಾ, ಇಲ್ಲೇನೋ ತಗ್ಗು ಬಿದ್ದದಲ್ಲೋ? ಡ್ರೈವರ್ ಕಡಿ ತಗಡು ಸಪಾಟ ಅದ, ಸುಮ್ನ ಕುಂದ್ರೋ ಕಡಿ ತಗ್ಗು! ಇದೆಂಥ ಗಾಡಿ?"

ನಾನೂ ಬಗ್ಗಿದೆ. ಹಾಸಿನ ಅಡಿಯಿಂದ ಒಂದು ವಾಸನೆ ಎದ್ದು ಮೂಗಿಗೆ ಬಡಿಯಿತು. ಶಹಾಬಾದಿನಲ್ಲಿ ಹುಟ್ಟಿದವರಿಗೆ ಅದನ್ನು ಹೇಳಬೇಕಾಗಿಲ್ಲ. ಕಲ್ಲು ಕೊಯ್ದ ಪುಡಿ ನೀರಿನಲ್ಲಿ ಕಲಸಿ, ಒಣಗಿ, ಮತ್ತೆ ನೆನೆದ ವಾಸನೆ. ಉಳಿದವರಿಗೆ ಹೇಳುವುದಾದರೆ, ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದಲ್ಲ, ಅದರ ದೊಡ್ಡಪ್ಪನ ಮಗ, ಸ್ವಲ್ಪ ಒರಟು. ಆ ವಾಸನೆಯ ಹಿಂದೆಯೇ ನನ್ನ ಹದಿನೆಂಟನೆಯ ವರ್ಷದ ಮಳೆಗಾಲವೆಲ್ಲ ಜೀಪಿನಿಂದ ಇಳಿದು ಬಂತು. ಮುಂದೆ ಅಪ್ಪನ ಸಿಮೆಂಟು ಕಾಲು, ಹಿಂದೆ ಅವ್ವನ ಬಾಯಿ.

ನನ್ನ ಹೆಸರು ಮಲ್ಲು. ಆದರೆ ಬಾಯಿ ತೆರೆದರೆ ಯಾರ ಹೆಸರನ್ನು ಬೇಕಾದರೂ ಇಡಬಹುದು. ವಾಡಿ ಸ್ಟೇಷನ್ನಿನಲ್ಲಿ ರೈಲು ತಡವಾಗಿದೆ ಎಂದು ಬಹಳ ಖುಷಿಯಿಂದ ಹೇಳುವ ಹೆಂಗಸಿನ ದನಿ, ಚಳಿಯಲ್ಲಿ ಬಸ್ ಶುರುವಾಗದೆ ಕೆಮ್ಮುವ ದನಿ, ನಮ್ಮ ಗಣಿತದ ಮೇಷ್ಟ್ರು ನನ್ನ ಉತ್ತರಪತ್ರಿಕೆ ನೋಡಿ ತೆಗೆಯುವ ನಿಟ್ಟುಸಿರು, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ನನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಆ ವರ್ಷ ನಾನು ಪಿಯುಸಿ ಪಾಸಾಗಿದ್ದೆ. ಹೇಗೆ ಪಾಸಾದೆ ಎಂಬುದು ಇನ್ನೂ ಯಾರಿಗೂ ಗೊತ್ತಾಗಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ, ಲಾರಿಯಿಂದ ಕಲ್ಲು ಇಳಿಸುವಾಗ, ಅಪ್ಪನ ಬಲಗಾಲಿನ ಮೇಲೆ ಫರ್ಸಿ ಚಪ್ಪಡಿಯೊಂದು ಜಾರಿ ಬಿತ್ತು. ಮೊಣಕಾಲಿನವರೆಗೆ ಪ್ಲಾಸ್ಟರ್. ನಮ್ಮದು ಫರ್ಸಿ ಕೊಯ್ದು ಪಾಲಿಶ್ ಮಾಡುವ ಸಣ್ಣ ಅಂಗಳ. ಮಳೆಗಾಲಕ್ಕೆ ಮುಂಚೆ ಸೇಡಂ, ಕಾಳಗಿ, ಚಿಂಚೋಳಿಯ ಕಡೆ ಹೊಸ ಮನೆ ಕಟ್ಟಿಸುವವರೆಲ್ಲ ನೆಲಕ್ಕೆ ಕಲ್ಲು ಹಾಸಿಸುವ ಅವಸರದಲ್ಲಿರುತ್ತಾರೆ. ಅಪ್ಪ ಜೀಪಿನಲ್ಲಿ ಹೋಗಿ ಅಳತೆ ತಂದರೇ ಕೆಲಸ. ಈಗ ಅಪ್ಪನ ಬಲಗಾಲು ಖುರ್ಚಿಯ ಮೇಲೆ ದಿಂಬು ಹಾಕಿಕೊಂಡು ಅತಿಥಿಯಂತೆ ಕೂತಿತ್ತು.

ಒಬ್ಬ ಬಾಡಿಗೆ ಡ್ರೈವರನ್ನು ಕರೆಸಿದರು. ಮೊದಲ ದಿನವೇ ಅಪ್ಪ ಅವನ ಜೊತೆ ಸೇಡಂಗೆಂದು ಹೊರಟು, ವಾಡಿಯಲ್ಲಿ ಇಳಿದು, ಕುಂಟುತ್ತ ಬಸ್ ಹತ್ತಿ ಮನೆಗೆ ವಾಪಸ್ ಬಂದ. "ಅವ ಗಾಡಿ ಓಡಸಂಗಿಲ್ಲ, ಯಾರ ಮ್ಯಾಲೋ ಸಿಟ್ಟು ತೀರಸ್ಕೋತಾನ" ಎಂದ. ಆಮೇಲೆ ಬಹಳ ಹೊತ್ತು ನನ್ನನ್ನೇ ನೋಡಿದ. ಅವ್ವನಿಗೆ ಆ ನೋಟ ಅರ್ಥವಾಯಿತು.

"ಬ್ಯಾಡ! ಹೇಳ್ಲಿಕತ್ತೀನಿ, ಬ್ಯಾಡ! ಇವಗ ತನ್ನ ಬಾಯಿ ಹಿಡಿದಿಡ್ಲಿಕ್ಕ ಬರಂಗಿಲ್ಲ, ಸ್ಟೇರಿಂಗ್ ಹ್ಯಾಂಗ ಹಿಡೀತಾನ? ರಸ್ತಾದಾಗ ಸಿಮೆಂಟ್ ಬಲ್ಕರ್ ಲಾರಿ ಹ್ಯಾಂಗ ಬರ್ತಾವ ನೋಡೀರಿಲ್ಲೋ?"

"ಕಲಿಸ್ತೀನಿ, ನಿಧಾನ ಕಲಿಸ್ತೀನಿ" ಎಂದ ಅಪ್ಪ. "ಇವತ್ತಲ್ಲ ನಾಳಿ ಯಾರದರ ಗಾಡಿ ಮುಟ್ಟೇ ಮುಟ್ತಾನ. ಬ್ಯಾರೆದವರ ಕಡಿಂದ ಕಲಿಯೋದಕ್ಕಿಂತ ನನ್ನ ಕಣ್ಣ ಮುಂದ ಕಲೀಲಿ."

ಅವ್ವ ಆ ರಾತ್ರಿ ನನಗೆ ರೊಟ್ಟಿ ಬಡಿಸಿದ ರೀತಿಯಲ್ಲಿ, ಇವನು ನಾಳೆ ಯುದ್ಧಕ್ಕೆ ಹೊರಟಿದ್ದಾನೆ ಎಂದು ತಟ್ಟೆಗೂ ಗೊತ್ತಾಯಿತು.

ಕಲಿಕೆಯ ಲೈಸೆನ್ಸು ಬಂದ ಮೇಲೆ ಅಪ್ಪ, ಪಕ್ಕದ ಅಂಗಳದವನ ಕೈಲಿ ಜೀಪು ಓಡಿಸಿಕೊಂಡು, ನನ್ನನ್ನು ಊರಾಚೆಯ ಹಳೇ ಕಲ್ಲು ಗಣಿಯ ಬಯಲಿಗೆ ಕರೆದುಕೊಂಡು ಹೋದ. ಮೇಲಿನ ಪದರು ಎಬ್ಬಿಸಿ ಬಿಟ್ಟಿದ್ದ ಹಾಸುಬಂಡೆ, ಚಪ್ಪಟೆಯಾಗಿ ಎಷ್ಟೋ ದೂರ. ಒಡೆದ ಫರ್ಸಿ ತುಂಡುಗಳನ್ನು ಸಾಲಾಗಿ ನಿಲ್ಲಿಸಿ ರಸ್ತೆ ಮಾಡಿಸಿದ, ತಿರುವು ಮಾಡಿಸಿದ, ಒಂದು ಕಡೆ ಮೂರು ತುಂಡು ಇಟ್ಟು "ಇದು ಶಾಲಿ, ಮಕ್ಕಳು ಹೊರಗ ಬರ್ಲಿಕತ್ತಾವ" ಎಂದ. ಮೊದಲ ದಿನ ನಾನು ಆ ಶಾಲೆಯನ್ನು ನೆಲಸಮ ಮಾಡಿದೆ. ಅಪ್ಪ ನಗಲಿಲ್ಲ. ಕೋಲೂರಿ ಇಳಿದು, ತಾನೇ ಬಗ್ಗಿ, ಮೂರೂ ತುಂಡುಗಳನ್ನು ಮತ್ತೆ ನಿಲ್ಲಿಸಿದ.

ಇಲ್ಲಿ ನಮ್ಮ ಅಂಗಳದ ಒಂದು ಪದ್ಧತಿ ಹೇಳಬೇಕು. ಕೊಯ್ಯುವ ಮಷೀನು ಶುರುವಾಯಿತೆಂದರೆ ಪಕ್ಕದಲ್ಲಿ ನಿಂತವನು ಕಿರುಚಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಅಂಗೈ ಕೆಳಗೆ ಮಾಡಿ ಗಾಳಿಯನ್ನು ಒತ್ತಿದರೆ ನಿಧಾನ. ಮುಷ್ಟಿ ಎತ್ತಿದರೆ ಮಷೀನು ಬಂದ್, ಇದ್ದಲ್ಲೇ ನಿಲ್ಲು. ಒಂದು ಅಂಗೈಯ ಮೇಲೆ ಇನ್ನೊಂದನ್ನು ಮಲಗಿಸಿದರೆ, ಕಲ್ಲು ಸುರಕ್ಷಿತವಾಗಿ ನೆಲಕ್ಕೆ ಮಲಗಿತು, ಇನ್ನು ಭಯವಿಲ್ಲ ಎಂದರ್ಥ. ವರ್ಷಾನುಗಟ್ಟಲೆ ಹೀಗೆ ಮಾತಾಡಿ ಅಪ್ಪನಿಗೆ ಮನೆಯಲ್ಲೂ ದನಿ ಖರ್ಚು ಮಾಡುವ ರೂಢಿ ತಪ್ಪಿತ್ತು. ಅಪ್ಪ ಉಳಿಸಿದ್ದನ್ನೆಲ್ಲ ನಾನು ಖರ್ಚು ಮಾಡುತ್ತಿದ್ದೆ.

ಜೀಪಿನೊಳಗೂ ಹಾಗೆಯೇ. ಅಪ್ಪ ಎಡಗಡೆ ಕೂತು ಬರೀ ಕೈ ಆಡಿಸುತ್ತಿದ್ದ: ನಿಧಾನ, ಇನ್ನೂ ನಿಧಾನ, ಮುಷ್ಟಿ. ಮುಖ ಶಾಂತ, ಕೈ ಶಾಂತ. ಆದರೆ ಕಾಲಿಗೆ ಆ ಶಾಂತಿ ಗೊತ್ತಿರಲಿಲ್ಲ. ನಾನು ಸ್ವಲ್ಪ ಜೋರು ಮಾಡಿದರೆ ಸಾಕು, ಪ್ಲಾಸ್ಟರ್ ಹಾಕಿದ ಬಲಗಾಲು ತನ್ನಷ್ಟಕ್ಕೆ ತಾನೇ ಮುಂದೆ ಹೋಗಿ ತಗಡಿನ ನೆಲವನ್ನು ಒತ್ತುತ್ತಿತ್ತು. ಢಬ್! ಅಲ್ಲಿ ಬ್ರೇಕಿರಲಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು. ಕಾಲಿಗೆ ಮಾತ್ರ ಯಾರೂ ಹೇಳಿರಲಿಲ್ಲ.

"ಅಪ್ಪಾ, ಅದು ಖಾಲಿ ತಗಡು."

"ಗೊತ್ತದ. ನೀ ಮುಂದ ನೋಡು."

ಢಬ್.

ಹದಿನೈದು ದಿನಕ್ಕೆ ಡಾಕ್ಟರು ನೋಡಿದಾಗ ಪ್ಲಾಸ್ಟರು ಹಿಮ್ಮಡಿಯಲ್ಲಿ ಬಿರುಕು ಬಿಟ್ಟಿತ್ತು. "ಎಲ್ಲಿ ಬಡಿಸ್ಕೊಂಡ್ರಿ ಶರಣಪ್ಪನೋರೇ?" ಎಂದು ಕೇಳಿದರು. ಅಪ್ಪ ನನ್ನ ಕಡೆ ನೋಡಿ, "ಬ್ರೇಕಿಗ್ರಿ" ಎಂದ. ಕಾಲು ಮುರಿದವರು ಬ್ರೇಕು ಹಾಕುವುದು ಹೇಗೆ ಎಂದು ಡಾಕ್ಟರು ಯೋಚಿಸುತ್ತಲೇ ಹೊಸ ಪ್ಲಾಸ್ಟರ್ ಹಾಕಿದರು.

ಅವ್ವ ಒಮ್ಮೆ ಮಾತ್ರ ಜೊತೆಗೆ ಬಂದಳು, ಅಪ್ಪನನ್ನು ಹಿಂದೆ ಕೂರಿಸಿ ಎಡಗಡೆ ತಾನೇ ಕೂತಳು. ಬಲ್ಕರೊಂದು ಎದುರಿಗೆ ಬಂದಾಗ, ಮನೆಯೊಳಗೆ ನೀರು ನುಗ್ಗಿದ ಹಾಗೆ, ಎರಡೂ ಕಾಲು ಸೀಟಿನ ಮೇಲೆತ್ತಿ ಕೂತಳು. ಅದು ಹೋದ ಮೇಲೆ ಇಳಿಸಿದಳು. ಇನ್ನೊಂದು ಬಂತು, ಎತ್ತಿದಳು. ನಡುವೆ ಕಾಲು ಕೆಳಗಿದ್ದ ಹೊತ್ತಿನಲ್ಲಿ ಅವಳೂ ಅದೇ ತಗಡನ್ನು ಒತ್ತುತ್ತಿದ್ದಳು. ವಾಡಿ ಮುಟ್ಟುವಷ್ಟರಲ್ಲಿ ಅವಳು ಕೂಗಿದ ದೇವರುಗಳಿಗೆಲ್ಲ ಸುಸ್ತಾಗಿತ್ತು.

ಲೈಸೆನ್ಸು ಕೈಗೆ ಬಂತು, ಮಳೆಯೂ ಬಂತು. ಅಪ್ಪನ ಕಾಲು ಮಾತ್ರ ಇನ್ನೂ ಬಂದಿರಲಿಲ್ಲ. ಹಾಗಾಗಿ ನಾನೊಬ್ಬನೇ ಹೋಗುವ ದಿನ ಬಂತು. ಅವ್ವ ಒಂದು ಕರಾರು ಹಾಕಿದಳು. ಶಹಾಬಾದಿನಿಂದ ವಾಡಿಗೆ ಹೋಗುವಾಗ ಕಾಗಿಣಾ ಹೊಳೆಯ ಸೇತುವೆ ದಾಟಬೇಕು. ದಾಟಿದ ಕೂಡಲೇ ಆಚೆ ದಂಡೆಯಲ್ಲಿ ಖಾಜಾ ಮಾಮಾನ ಚಾದಂಗಡಿ. ಹೋಗುವಾಗಲೂ ಬರುವಾಗಲೂ ಅಲ್ಲಿ ನಿಲ್ಲಬೇಕು. ಖಾಜಾ ಮಾಮಾ ತನ್ನ ಫೋನಿನಿಂದ ಮನೆಗೆ ಹೇಳಬೇಕು. ನನ್ನ ಫೋನು ನಡೆಯುವುದಿಲ್ಲ, ಏಕೆಂದರೆ ನನ್ನ ಬಾಯಿಯ ಮಾತು ಮನೆಯಲ್ಲಿ ನಡೆಯುವುದಿಲ್ಲ.

ಖಾಜಾ ಮಾಮಾ ಅಪ್ಪನ ಬಾಲ್ಯದ ಗೆಳೆಯ. ಬಹಳ ವರ್ಷ ಲಾರಿ ಓಡಿಸಿ, ಸಾಕಾಗಿ, ಲಾರಿಯವರಿಗೆ ಚಹಾ ಕುಡಿಸಲು ಕೂತವನು. ನಾನು ಇಳಿದ ಕೂಡಲೇ ಕೈ ಚಾಚಿ, "ಲಾ ಬೇಟಾ, ಚಾವಿ" ಎನ್ನುತ್ತಿದ್ದ. ಚಾವಿ ಜುಬ್ಬಾದ ಕಿಸೆಗೆ ಹಾಕಿ ಆಮೇಲೆ ಚಹಾ ಕೊಡುತ್ತಿದ್ದ. ಗಟಗಟ ಕುಡಿದೇಳುವಂತಿರಲಿಲ್ಲ.

"ಆರಿಸಿ ಕುಡಿ. ಬಿಸಿ ಚಾ ಕುಡ್ಯೋವ ಗಾಡಿನೂ ಬಿಸಿಬಿಸಿ ಓಡಸ್ತಾನ."

ಆಮೇಲೆ ಮನೆಗೆ ಫೋನು. ಮಾಮಾನ ಫೋನು ಒಂದು ನಾಟಕ. ಮೊದಲು ಒಂದು ಕೆಮ್ಮು, ಆಮೇಲೆ "ಹಾಂ ಭಾಭೀ, ಅಸಲಾಂ ವಾಲೇಕುಂ, ಶರಣು ಶರಣು," ಎರಡೂ ಒಂದೇ ಉಸಿರಲ್ಲಿ, ಆಮೇಲೆ "ನಿಮ್ಮ ಶೇರ್, ನಿಮ್ಮ ಹುಲಿ ಬಂದಾನ್ರೀ, ಚಾ ಕುಡೀಲಿಕತ್ತಾನ." ಇಂಥ ದನಿಯನ್ನು ಎದುರಿಗಿಟ್ಟುಕೊಂಡು ನಾನು ಸುಮ್ಮನಿರಬೇಕು ಎಂದರೆ, ಬೆಕ್ಕಿನ ಮುಂದೆ ಹಾಲಿಟ್ಟು ಉಪವಾಸ ಹೇಳಿದಂತೆ. ಮಾಮಾ ಗಿರಾಕಿಗಳ ನಡುವೆ ಇದ್ದಾಗ ನಾನೇ ಅವನ ಫೋನು ಎತ್ತಿಕೊಂಡು, ಕೆಮ್ಮಿ, ಸಲಾಮು ಶರಣು ಎರಡೂ ಹೇಳಿ, ವರದಿ ಒಪ್ಪಿಸತೊಡಗಿದೆ. "ನಿಮ್ಮ ಮಗಾ ಭಾಳ ಶಾಣ್ಯಾ ಅದಾನ್ರೀ ಭಾಭೀ, ಇಂಥಾ ಡ್ರೈವರ್ ನಾ ನೋಡೇ ಇಲ್ಲ" ಎಂದು ಒಂದಿಷ್ಟು ಸೇರಿಸುತ್ತಿದ್ದೆ. ಅವ್ವನ ಮುಖ ಅರಳುತ್ತಿತ್ತೆಂದು ಅಪ್ಪ ಆಮೇಲೆ ಹೇಳಿದ.

ಒಂದು ದಿನ ಅಂಗಡಿಯಲ್ಲಿ ಮಾಮಾ ಇರಲಿಲ್ಲ. ಫೋನು ಮಾತ್ರ ಚಾರ್ಜಿಗಿತ್ತು. ನಾನು ಎತ್ತಿ, ಕೆಮ್ಮಿ, "ಹಾಂ ಭಾಭೀ..." ಎಂದು ಪೂರ್ತಿ ವರದಿ ಒಪ್ಪಿಸಿದೆ. ಆ ಕಡೆ ಅವ್ವ ಎಲ್ಲ ಕೇಳಿಸಿಕೊಂಡು, ಬಹಳ ಮೆತ್ತಗೆ, "ಹೌದೇನ್ರಿ ಖಾಜಾ ಅಣ್ಣಾ? ಮತ್ತ ಇಲ್ಲಿ ನಮ್ಮ ಪಡಸಾಲ್ಯಾಗ ಕುಂತು ಅವಲಕ್ಕಿ ತಿನ್ಲಿಕತ್ತವ ಯಾರ್ರೀ?" ಎಂದಳು. ಮಾಮಾ ಮಗಳ ಮದುವೆಯ ಕಾಗದ ಕೊಡಲು ನಮ್ಮ ಮನೆಗೇ ಹೋಗಿದ್ದ. ಹಿಂದಿನಿಂದ ಅವನು ಅವಲಕ್ಕಿ ನೆತ್ತಿಗೇರಿಸಿಕೊಂಡು ಕೆಮ್ಮುವುದು ಕೇಳಿಸಿತು. ಆ ಕೆಮ್ಮು ಥೇಟ್ ನನ್ನದೇ ಇತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಯಾರ ದನಿಗೂ ಬೆಲೆ ಉಳಿಯಲಿಲ್ಲ.

ಅದಾದ ಮುಂದಿನ ವಾರ ಸೇಡಮ್ಮಿನ ಒಂದು ಮನೆಗೆ ಮೆಟ್ಟಿಲಿನ ಕಲ್ಲು ಮುಟ್ಟಿಸಿ ವಾಪಸ್ ಬರುತ್ತಿದ್ದೆ. ಚಿತ್ತಾಪುರದಲ್ಲಿ ಮಳೆ ನಿಂತಿತ್ತು, ವಾಡಿಯಲ್ಲಿ ಬಿಸಿಲೇ ಬಿದ್ದಿತ್ತು. ಆದರೆ ಹಿಂದಿನ ದಿನ ಮೇಲೆ ಚಿಂಚೋಳಿ ಕಡೆ ಬಿದ್ದ ಮಳೆ ಅಷ್ಟು ಹೊತ್ತಿಗೆ ಹೊಳೆ ಹಿಡಿದು ನಮ್ಮ ಕಡೆ ಬಂದಿತ್ತು. ಸೇತುವೆಯ ಮೇಲೆ ನೀರು ತೆಳ್ಳಗೆ ಹರಿಯುತ್ತಿತ್ತು. ನನ್ನ ಕಣ್ಣೆದುರೇ ಒಂದು ಲಾರಿ ದಾಟಿತು. ಒಂದು ಟ್ರ್ಯಾಕ್ಟರ್ ದಾಟಿತು. ನನ್ನ ಜೀಪು ಟ್ರ್ಯಾಕ್ಟರಿಗಿಂತ ಕಡಿಮೆಯೇ?

"ಚಾವಿ" ಎಂದ ಖಾಜಾ ಮಾಮಾ.

"ಮಾಮಾ, ಇವತ್ತ ಚಾ ಬ್ಯಾಡ. ನೀರು ಏರೋದ್ರಾಗ ದಾಟ್ತೀನಿ. ಅವ್ವ ಕಾಯ್ಲಿಕತ್ತಿರ್ತಾಳ."

"ಅರೆ, ನೀರಿನ ಕೆಳಗ ಡಾಂಬರ್ ಕಾಣ್ತದೇನ್ ನಿನಗ?"

"ಇಲ್ಲ."

"ಕಾಣದ ರಸ್ತಾದ ಮ್ಯಾಲೆ ಓಡಸ್ಲಿಕ್ಕ ಲೈಸನ್ಸ್ ಯಾರ್ ಕೊಟ್ಟಾರ ಬೇಟಾ? ಇಳಿ."

ಜೀಪಿನೊಳಗೆ ಕೈ ಹಾಕಿ ಅವನೇ ಚಾವಿ ಕಿತ್ತುಕೊಂಡ. ನಾನು ಮುಖ ಊದಿಸಿಕೊಂಡು ಬೆಂಚಿನ ಮೇಲೆ ಕೂತೆ. ಮಾಮಾ ಮನೆಗೆ ಫೋನು ಹಚ್ಚಿ ದನಿ ಜೋರಿಗಿಟ್ಟ. ಎತ್ತಿದವನು ಅಪ್ಪ.

"ಹಾಂ ಶರಣಪ್ಪಣ್ಣಾ, ಹೊಳಿ ಬಂದದ. ಹುಡುಗನ್ನ ಇಲ್ಲೇ ಕೂಡ್ಸೀನಿ. ಇವತ್ತ ಕಳ್ಸಂಗಿಲ್ಲ."

ಆ ಕಡೆಯಿಂದ ಅಪ್ಪ ಗದರಿದ. "ಮಲ್ಲ್ಯಾ, ನಾಟಕ ಸಾಕು. ಎಲ್ಲಿದ್ದಿ?"

"ಅರೆ, ನಾ ಖಾಜಾ ಇದ್ದೀನೋ ಮಾರಾಯಾ!"

"ಹೋದ ವಾರನೂ ನೀ ಖಾಜಾನೇ ಇದ್ದಿ."

"ಖುದಾ ಕಸಮ್, ನಾ ಖಾಜಾ!"

"ಹಂಗಾರ ಹೇಳು, ಸಣ್ಣಾವರಿದ್ದಾಗ ನಾವಿಬ್ಬರೂ ಯಾರ ತೋಟದಾಗ ಪೇರಲ ಕದ್ದು ಸಿಕ್ಕಿದ್ವಿ?"

ಮಾಮಾ ಸುತ್ತಲಿನ ಗಿರಾಕಿಗಳನ್ನು ನೋಡಿದ. "ನಾ ಯಾಕ ಕದೀಲಿ? ಕದ್ದವ ನೀ!" ಎಂದ ಸಿಟ್ಟಿನಿಂದ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ನಾನು ಫೋನು ಕಸಿದುಕೊಂಡು, "ಅಪ್ಪಾ, ನಾ ಮಲ್ಲು, ಖರೇನೇ ಇಲ್ಲೇ ಕುಂತೀನಿ" ಎಂದೆ. ಅದು ಇನ್ನೂ ಕೆಟ್ಟಿತು. ಏಕೆಂದರೆ ನನ್ನ ಹಿಂದೆ ಹೊಳೆ ಮೊರೆಯುತ್ತಿತ್ತು. ಅಪ್ಪನಿಗೆ ನನ್ನ ಮಾತಿಗಿಂತ ಆ ನೀರು ಜೋರಾಗಿ ಕೇಳಿಸಿತು.

"ನೀರಿನ ಸಪ್ಪಳ ಬರ್ಲಿಕತ್ತದಲ್ಲೋ. ಸೇತುವಿ ಮ್ಯಾಲೆ ಇದ್ದೀ ಏನು? ಮಲ್ಲ್ಯಾ! ಇಳೀಬ್ಯಾಡ..."

ಫೋನು ಸತ್ತಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಮುಖ ತೋರಿಸೋಣವೆಂದು ವಿಡಿಯೋ ಮಾಡಿದರೆ, ಪರದೆಯ ಮೇಲಿನ ಚಕ್ರ ತಿರುಗಿ ತಿರುಗಿ ನಿಂತಿತು.

ಹೊತ್ತು ಮುಳುಗುವ ಸುಮಾರಿಗೆ ಸೇತುವೆಯ ಕಟ್ಟೆಕಲ್ಲುಗಳೂ ಕಾಣದಾದವು. ಶಹಾಬಾದಿನ ಕಡೆಯ ದಂಡೆಯಲ್ಲಿ ಜನ ಸೇರಿದ್ದರು. ಅವರ ನಡುವೆ ಒಂದು ಮೋಟಾರ್ ಸೈಕಲ್ ಬಂದು ನಿಂತಿತು. ಹಿಂದಿನಿಂದ ಒಬ್ಬ ಇಳಿದ. ಒಂದು ಕಾಲಿಗೆ ಗೊಬ್ಬರದ ಚೀಲ ಸುತ್ತಿತ್ತು. ಬೆನ್ನಿಗೇ ಆಟೋದಲ್ಲಿ ಅವ್ವ.

ಅಪ್ಪ ನನ್ನ ಕಡೆ ನೋಡಲಿಲ್ಲ. ಕೋಲೂರಿಕೊಂಡು ನೀರಿನ ಅಂಚಿಗೆ ಬಂದು, ಹೊಳೆ ಹರಿದುಹೋಗುವ ದಿಕ್ಕಿಗೆ ನೋಡುತ್ತಿದ್ದ. ಅಲ್ಲಿ ಏನು ಹುಡುಕುತ್ತಿದ್ದಾನೆಂದು ಹೊಳೆದಾಗ ನಾನು ಬೆಂಚಿನ ಮೇಲೆ ಹತ್ತಿ ನಿಂತೆ.

"ಅಪ್ಪಾ!" ಎಂದು ಕೂಗಿದೆ. ನನ್ನ ಸ್ವಂತ ದನಿಯಲ್ಲಿ. ನೀರು ಅದನ್ನು ಬಾಯಿಯಿಂದಲೇ ಎತ್ತಿಕೊಂಡು ಹೋಯಿತು. ಮತ್ತೆ ಕೂಗಿದೆ. ಊರಿನ ಅರ್ಧ ಜನರ ದನಿ ನನ್ನ ಗಂಟಲಲ್ಲಿತ್ತು, ಒಂದೂ ಆ ಹೊಳೆ ದಾಟಲಿಲ್ಲ. ಕೊಯ್ಯುವ ಮಷೀನಿನ ಪಕ್ಕ ನಿಂತ ಹಾಗೆಯೇ ಇತ್ತು.

ಮಷೀನು ಎಂದುಕೊಂಡ ಕೂಡಲೇ ಮಾಮಾನ ಕಿಸೆಗೆ ಕೈ ಹಾಕಿದೆ. "ಮಾಮಾ, ಚಾವಿ! ಓಡಸಂಗಿಲ್ಲ, ಬರೇ ಲೈಟು!" ಮಾಮಾ ಕೊಟ್ಟ, ಕೊಟ್ಟು ಜೀಪಿನ ಮುಂದೆ ತಾನೇ ಅಡ್ಡ ನಿಂತ. ಹೆಡ್‌ಲೈಟು ಹಾಕಿ, ಬೆಳಕಿನ ಮುಂದೆ ಹೋಗಿ ನಿಂತು, ಬಲಗೈ ಮುಷ್ಟಿ ಮಾಡಿ ತಲೆಯ ಮೇಲೆತ್ತಿದೆ. ಬಂದ್. ಇದ್ದಲ್ಲೇ ನಿಂತೀನಿ.

ಬೆಳಕಿಗೆ ಅಪ್ಪ ತಿರುಗಿದ.

ನಾನು ಎರಡೂ ಕೈ ಮುಂದೆ ಚಾಚಿ, ಒಂದರ ಮೇಲೊಂದು ಅಂಗೈ ಮಲಗಿಸಿದೆ. ಕಲ್ಲು ಮಲಗಿತು. ಇನ್ನು ಭಯವಿಲ್ಲ.

ಆಮೇಲೆ ಅಪ್ಪ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಿಧಾನವಾಗಿ, ಒಂದು ಅಂಗೈಯ ಮೇಲೆ ಇನ್ನೊಂದನ್ನು ಮಲಗಿಸಿದ. ಹಾಗೇ ಹಿಡಿದುಕೊಂಡು ನಿಂತ. ಅಂಗಳದಲ್ಲಿ ಅಷ್ಟು ಹೊತ್ತು ಆ ಸನ್ನೆಯನ್ನು ಯಾರೂ ಹಿಡಿಯುವುದಿಲ್ಲ. ಕೊನೆಗೆ ಐದೂ ಬೆರಳು ಕೂಡಿಸಿ ಬಾಯಿಗೆ ತಂದ: ಉಂಡೀ? ನಾನು ಉತ್ತರಿಸುವ ಮೊದಲೇ ಖಾಜಾ ಮಾಮಾ ನನ್ನನ್ನು ಪಕ್ಕಕ್ಕೆ ತಳ್ಳಿ ಬೆಳಕಿಗೆ ಬಂದು, ಎರಡೂ ಕೈಯಿಂದ ದೊಡ್ಡ ತಟ್ಟೆ ತೋರಿಸಿ, ಹೊಟ್ಟೆ ತಟ್ಟಿ, ಉಣಿಸುತ್ತೇನೆ ಎಂದು ಸಾರಿದ. ಅವ್ವನಿಗೆ ಅಂಗಳದ ಕೈಮಾತು ಬರುವುದಿಲ್ಲ. ಅವಳು ಬಲಗೈ ಎತ್ತಿ, ಮನೆಗೆ ಬಾ, ಕೆನ್ನೆಗೆ ಕೊಡುತ್ತೇನೆ ಎಂದು ತೋರಿಸಿ, ಅದೇ ಕೈಯಿಂದ ಸೆರಗು ಕಣ್ಣಿಗೆ ಒತ್ತಿಕೊಂಡಳು. ಎರಡೂ ಅರ್ಥವಾದವು.

ಮರುದಿನ ಮಧ್ಯಾಹ್ನ ನೀರಿಳಿದು ಡಾಂಬರು ಕಂಡಿತು. ಮಾಮಾ ಅಂಗಡಿ ಮುಚ್ಚಿ ಎಡಗಡೆ ಹತ್ತಿ ಕೂತ. ಸೇತುವೆಯ ಮೇಲೆ ಒಂದು ಕಡೆ ಕಸ ಕಟ್ಟಿದ್ದಲ್ಲಿ ನಾನು ಬ್ರೇಕು ಹಾಕುವ ಮೊದಲೇ ಪಕ್ಕದಿಂದ ಕೇಳಿಸಿತು: ಢಬ್. ಅಷ್ಟು ವರ್ಷ ಲಾರಿ ಓಡಿಸಿದ ಕಾಲು! ಆಚೆ ತುದಿಯಲ್ಲಿ ಅಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದ. ಪ್ಲಾಸ್ಟರು ಚೀಲದೊಳಗೆ ನೆನೆದು ಹಿಟ್ಟಾಗಿತ್ತು. ಅಂದೇ ಮೂರನೆಯ ಪ್ಲಾಸ್ಟರ್ ಹಾಕಿಸಲು ನಾನೇ ಜೀಪಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು.

"ಇನ್ನ ಮ್ಯಾಲೆ ದನಿ ಬ್ಯಾಡ. ಕೈ ತೋರ್ಸು."

ಇವತ್ತಿಗೂ ಹಾಗೆಯೇ. ಎಲ್ಲಿಗೆ ಹೋದರೂ, ಮುಟ್ಟಿದ ಮೇಲೆ ಒಂದರ ಮೇಲೊಂದು ಮಲಗಿಸಿದ ಅಂಗೈಗಳ ಫೋಟೋ ತೆಗೆದು ಮನೆಗೆ ಕಳಿಸುತ್ತೇನೆ. ತೆಗೆಯಲು ಮೂರನೆಯ ಕೈ ಬೇಕಲ್ಲ, ಹಾಗಾಗಿ ಪ್ರತಿ ಊರಲ್ಲೂ ಯಾರನ್ನಾದರೂ ಬೇಡಿಕೊಳ್ಳಬೇಕು. ನನಗೆ ತಲೆ ಸರಿಯಿಲ್ಲ ಎಂದು ಸೇಡಂ ಬಸ್ ಸ್ಟ್ಯಾಂಡಿನವರೆಗೂ ಸುದ್ದಿಯಿದೆ. ಅಡ್ಡಿಯಿಲ್ಲ. ಆ ವರ್ಷ ನನಗೂ ಜೀಪಿಗೂ ಒಂದು ಗೀರೂ ಬೀಳಲಿಲ್ಲ. ನನ್ನ ಕೈಚಳಕ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಬಲಗಡೆ ನನಗಿದ್ದದ್ದು ಒಂದೇ ಬ್ರೇಕು. ಎಡಗಡೆ ಯಾರು ಯಾರು ಎಷ್ಟು ಬ್ರೇಕು ಹಾಕಿದ್ದರು ಎಂದು ಗೌಡರು ಹಾಸು ಎತ್ತಿದಾಗಲೇ ಸರಿಯಾಗಿ ಕಂಡದ್ದು. ಅಪ್ಪನ ಹಿಮ್ಮಡಿ ಆಳವಾಗಿ ಮಾಡಿದ ತಗ್ಗು, ಅದರ ಪಕ್ಕ ಅವ್ವನದು, ಮಾಮಾನದು, ಆಮೇಲೆ ನನ್ನ ಜೊತೆ ಕೂತ ಎಲ್ಲರದು. ಕೈಯಾಡಿಸಿದೆ. ನುಣ್ಣಗೆ, ಪಾಲಿಶ್ ಮಾಡಿದ ಹಾಗಿತ್ತು.

"ಇದನ್ನ ಬಡಿಸಿ ಸಪಾಟ ಮಾಡ್ಸಿ ಕೊಡು, ಆಮ್ಯಾಲೆ ಮಾತಾಡಮು" ಎಂದರು ಗೌಡರು.

ಅಪ್ಪ ಅಂಗಳದ ಮೂಲೆಯಲ್ಲಿ ಕೂತು ಫರ್ಸಿಯ ಅಂಚು ಸವರುತ್ತಿದ್ದ. "ಗಾಡಿ ಯಾರ್ ಓಡಸೋರ್ರೀ?" ಎಂದು ಕೇಳಿದ.

"ಇಕಿನೇ ನೋಡ್ರಿ, ನನ್ನ ಮಗಳು." ಹಿಂದೆ ನಿಂತಿದ್ದ ಹುಡುಗಿಯನ್ನು ತೋರಿಸಿದರು. "ಹೋದ ತಿಂಗಳು ಹದಿನೆಂಟು ತುಂಬ್ಯಾವ. ಕಾಲೇಜಿಗಿ, ಹೊಲಕ್ಕ, ಎಲ್ಲಾ ನಾನೇ ಓಡಸ್ತೀನಿ ಅಂತಾಳ. ಲೈಸನ್ಸ್ ಮೊನ್ನೆ ಬಂದದ. ನನಗೇನ್ ಅಂಜಿಕಿ ಇಲ್ಲ ಬಿಡ್ರಿ."

"ಹಂಗಾರ ತಗ್ಗು ಇರ್ಲಿ" ಎಂದ ಅಪ್ಪ. "ಬಡಿಸಬ್ಯಾಡ್ರಿ. ಬೇಕಾಗ್ತದ."

ಗೌಡರಿಗೆ ಅದು ವ್ಯಾಪಾರದ ಮಾತಾಗಿ ಕೇಳಿಸಿತು. ನಕ್ಕರು. ಒಂದು ಸುತ್ತು ನೋಡೋಣವೆಂದು ಎಡಗಡೆ ಹತ್ತಿ ಕೂತರು. ಮಗಳು ಬಲಗಡೆ ಕೂತು, ದುಪಟ್ಟಾ ಬಿಗಿದು, ಕನ್ನಡಿ ಸರಿಮಾಡಿಕೊಂಡು, ಕ್ಲಚ್ಚು ಬಿಟ್ಟಳು. ಜೀಪು ಕುರಿಮರಿಯ ಹಾಗೆ ಜಿಗಿದು, ಗೇಟಿನ ಕಂಬದ ಕಡೆಗೆ ಒಮ್ಮೆ ಆಸೆಯಿಂದ ನೋಡಿ, ತಿರುಗಿ ರಸ್ತೆಗೆ ಬಿತ್ತು.

ಒಳಗಿನಿಂದ ಕೇಳಿಸಿತು: ಢಬ್.

ಅಪ್ಪ ಕಲ್ಲಿನಿಂದ ತಲೆ ಎತ್ತಲಿಲ್ಲ.

"ಸಿಕ್ತು ನೋಡು ಅವರಿಗಿ" ಎಂದ.